ಸ್ಟಿರಾಯ್ಡ್ ಆಗಲ್ಲ ಅಂದ್ರೆ, ಯಾವ ಸ್ಟಿರಾಯ್ಡ್?

ಮಲೆನಾಡಿನಲ್ಲಿ ಉಬ್ಬಸ ಇರುವವರ ಮನೆಯ ಮಳೆ ಲೆಕ್ಕವೇ ಬೇರೆ. ಮೃಗಶಿರ ಹಿಡಿಯಿತು ಅಂದರೆ ಗದ್ದೆಯವರಿಗೆ ಸಸಿಮಡಿಯ ಚಿಂತೆ, ತೋಟದವರಿಗೆ ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ಚಿಂತೆ. ಇವರಿಗೆ ಮಾತ್ರ ಬಾಯಿಗೆ ಎಳೆದುಕೊಳ್ಳುವ ಪಂಪಿನಲ್ಲಿ (ಇನ್ಹೇಲರ್) ಔಷಧಿ ಎಷ್ಟು ಉಳಿದಿದೆ ಅನ್ನುವ ಚಿಂತೆ. ಆರಿದ್ರೆ, ಪುನರ್ವಸು ಹೊತ್ತಿಗೆ ಗೋಡೆಗೆ ಬೂಷ್ಟು ಹಿಡಿದಿರುತ್ತದೆ. ಕಂಬಳಿ ಒಣಗಲ್ಲ. ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿದ ಬಿದಿರು ತಟ್ಟಿಗೆ ಹಾಕಿದರೆ ಹೊಗೆ ಕುಡಿದು ಕೂತಿರುತ್ತದೆ. ಮಳೆ ಮುಗಿದು ಹಾಯಾಗಿ ಉಸಿರಾಡೋಣ ಅನ್ನುವಷ್ಟರಲ್ಲಿ ಅಡಿಕೆ ಕೊಯ್ಲು ಬಂತು. ಸುಲಿಯುವ ಧೂಳು, ಬೇಯಿಸುವ ಹಂಡೆಯ ಹೊಗೆ, ಆಮೇಲೆ ಚಳಿ.

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಇರುವುದು ತೀರ್ಥಹಳ್ಳಿಗೂ ಆಗುಂಬೆಗೂ ನಡುವಿನ ಒಂದು ಹಳ್ಳಿಯಲ್ಲಿ. ಅವರಿಗೆ ಉಬ್ಬಸ ಶುರುವಾಗಿದ್ದು ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ. ಮೂಗಿನೊಳಗೆ ದುರ್ಮಾಂಸ ಬೆಳೆದು ಆಪರೇಷನ್ ಆಗಿತ್ತು, ಅದು ಮತ್ತೆ ಬೆಳೆದಿತ್ತು. ಪಕ್ಕದಲ್ಲೇ ಹಲಸಿನ ಹಣ್ಣು ಬಿಡಿಸಿದರೂ ಅವರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಹಲ್ಲುನೋವಿಗೆ ಅಂಗಡಿಯಿಂದ ತಂದ ಮಾತ್ರೆ ನುಂಗಿ ರಾತ್ರಿಯಿಡೀ ಗುಂಯ್‌ಗುಟ್ಟಿದ್ದರು. ಉಬ್ಬಸ ಒಬ್ಬ ಡಾಕ್ಟರಿಗೆ, ಮೂಗು ಇನ್ನೊಬ್ಬರಿಗೆ, ಹಲ್ಲು ಮೂರನೆಯವರಿಗೆ ಸೇರಿದ್ದು. ಹೀಗಾಗಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಒಂದು ಆಷಾಢದ ರಾತ್ರಿ ಉಬ್ಬಸ ಏರಿ, ಪಂಪಿಗೆ ಬಗ್ಗದೆ, ಹತ್ತಿರದ ಊರಿನ ಒಂದು ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೊದಲು ನೆಬುಲೈಸರ್ ಇಟ್ಟರು. ಆಮೇಲೆ ರಕ್ತನಾಳಕ್ಕೆ ಹೈಡ್ರೊಕಾರ್ಟಿಸೋನ್ ಅನ್ನುವ, ಊತ ತಗ್ಗಿಸುವ ಸ್ಟಿರಾಯ್ಡ್ ಇಂಜೆಕ್ಷನ್. ಉಬ್ಬಸ ಜೋರಾದವರಿಗೆ ಎಲ್ಲ ಕಡೆ ಕೊಡುವ ಔಷಧಿಯೇ ಅದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸೂಜಿ ತೆಗೆದು ಸ್ವಲ್ಪ ಹೊತ್ತಿಗೇ ಅತ್ತೆ ಅಂಗೈಯನ್ನು ಮಂಚದ ಕಬ್ಬಿಣಕ್ಕೆ ಉಜ್ಜತೊಡಗಿದರು. ಕಿವಿ ಬಿಸಿ ಆಗ್ತಿದೆ ಅಂದರು. ಹೊಟ್ಟೆ ಹಿಂಡಿದ ಹಾಗಾಗ್ತಿದೆ ಅಂದರು. ಕೈಯ ಬಳೆ ಬಿಗಿಯಾಗಿ ಕೂತಿತು. ಉಸಿರು ಮಾತ್ರ ಇನ್ನೂ ಕಟ್ಟಿತು.

ಅಲ್ಲಿದ್ದವರಿಗೆಲ್ಲ ಅನ್ನಿಸಿದ್ದು ಒಂದೇ: ಉಬ್ಬಸ ಜಾಸ್ತಿಯಾಯ್ತು, ಇನ್ನೊಂದು ಡೋಸ್ ಕೊಡಬೇಕು. ನರ್ಸ್ ಎರಡನೇ ಬಾಟಲಿಯ ಮುಚ್ಚಳ ತೆಗೆದಾಗಿತ್ತು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಸೀರೆ ಸ್ವಲ್ಪ ಸರಿಸಿ ಹೊಟ್ಟೆ ನೋಡಿದರು. ಪಿತ್ತದ ಗಂಧೆ ಎದ್ದ ಹಾಗೆ ಕೆಂಪು ದದ್ದು, ಒಂದಕ್ಕೊಂದು ಕೂಡಿಕೊಂಡು ಹರಡುತ್ತಿತ್ತು. ಬಿಪಿ ಇಳಿದಿತ್ತು. ಎರಡನೇ ಡೋಸ್ ಅಲ್ಲಿಗೇ ನಿಂತಿತು. ತೊಡೆಯ ಹೊರಮಗ್ಗುಲಿಗೆ, ಅಲರ್ಜಿಯ ಆಘಾತಕ್ಕೆ ಕೊಡುವ ಅಡ್ರಿನಲಿನ್ ಚುಚ್ಚಿದರು. ಕಾಲು ಎತ್ತರಿಸಿ ಮಲಗಿಸಲು ನೋಡಿದರು, ಉಬ್ಬಸದವರಿಗೆ ಮಲಗಲು ಆಗುತ್ತದೆಯೇ, ಒರಗಿಸಿಯೇ ಕೂರಿಸಿದರು. ಆಕ್ಸಿಜನ್, ಸಲೈನ್. ಕೆಲವೇ ನಿಮಿಷಕ್ಕೆ ದದ್ದು ಮಂಕಾಯಿತು, ಉಸಿರಾಟವೂ ಸಲೀಸಾಯಿತು.

ಆ ಡಾಕ್ಟರು ಆಮೇಲೆ ನನಗೆ ಹೇಳಿದ್ದು ಇಷ್ಟು. ಸ್ಟಿರಾಯ್ಡ್ ಕೊಟ್ಟ ಕೂಡಲೇ ಕೆಲಸ ಮಾಡುವುದಿಲ್ಲ, ಅದಕ್ಕೆ ಕೆಲವು ಗಂಟೆ ಬೇಕು. ಹಾಗಾಗಿ ಕೊಟ್ಟ ಐದು, ಹತ್ತು ನಿಮಿಷದಲ್ಲಿ ರೋಗಿ ಇದ್ದಕ್ಕಿದ್ದಂತೆ ಕೆಟ್ಟರೆ ‘ಔಷಧಿ ಇನ್ನೂ ಹತ್ತಿಲ್ಲ’ ಅಂದುಕೊಂಡು ಕೂರಬಾರದು. ಆ ಔಷಧಿಯೇ ಕಾರಣವಾ ಅಂತ ನೋಡಬೇಕು. ಚರ್ಮ, ತುಟಿ, ಹೊಟ್ಟೆ, ಬಿಪಿ ನಾಲ್ಕನ್ನೂ ನೋಡಬೇಕು. ಉಬ್ಬಸ ಇರುವವರಲ್ಲಿ ಇದು ಕಣ್ಣಿಗೆ ಮಣ್ಣೆರಚುವುದು ಸುಲಭ. ಯಾಕೆಂದರೆ ಅಲರ್ಜಿಯ ಆಘಾತ ಬಂದರೂ ಅವರ ಎದೆ ಗುಂಯ್‌ಗುಡುತ್ತದೆ, ಬರೀ ಉಬ್ಬಸ ಬಂದರೂ ಗುಂಯ್‌ಗುಡುತ್ತದೆ.

ನಮ್ಮ ಕಡೆ ಮೈ ತುರಿಸಿದರೂ, ಜೇನು ಕಚ್ಚಿದರೂ, ಯಾವ ಅಲರ್ಜಿಗಾದರೂ ಕ್ಲಿನಿಕ್ಕಿನಲ್ಲಿ ಮೊದಲು ಕೊಡುವುದು ಎವಿಲ್ ಅನ್ನುವ ಅಲರ್ಜಿ ಔಷಧಿ ಮತ್ತು ಇದೇ ತರದ ಸ್ಟಿರಾಯ್ಡ್. ಅಲರ್ಜಿ ತಗ್ಗಿಸುವ ಔಷಧಿಗೇ ಅಲರ್ಜಿ ಅಂದರೆ ಜನ ನಂಬಲ್ಲ. ಎಷ್ಟೋ ಸಲ ಆಸ್ಪತ್ರೆಯವರಿಗೂ ತಟ್ಟನೆ ಹೊಳೆಯಲ್ಲ. ಸ್ಟಿರಾಯ್ಡ್ ಚುಚ್ಚಿಸಿಕೊಂಡವರಲ್ಲಿ ಸಾವಿರಕ್ಕೆ ಒಂದರಿಂದ ಮೂರು ಮಂದಿಗೆ ಹೀಗೆ ಕೂಡಲೇ ಅಲರ್ಜಿ ಆಗಬಹುದು ಅನ್ನುವುದು ಅಂದಾಜು. ಅಪರೂಪವೇ. ಆದರೆ ಉಬ್ಬಸದವರಿಗೆ ವರ್ಷಕ್ಕೆ ಎಷ್ಟು ಸಲ ಈ ಇಂಜೆಕ್ಷನ್ ಬೀಳುತ್ತದೆ ಅಂತ ಯೋಚಿಸಿ. ಮತ್ತೆ ಮತ್ತೆ ಮೈಗೆ ಹೋಗುವ ಔಷಧಿಗೇ ಅಲರ್ಜಿ ಬೆಳೆಯುವ ಸಂಭವ ಜಾಸ್ತಿ, ಅಲ್ವಾ?

ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ಬರೆದರು: ‘ಸ್ಟಿರಾಯ್ಡ್ ಅಲರ್ಜಿ’. ನನ್ನ ತಕರಾರು ಇರುವುದು ಈ ಎರಡು ಪದದ ಮೇಲೆ.

ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಂದ ಮುಂದೆ ಆಗಿದ್ದು ನೋಡಿ. ಅತ್ತೆ ದಿನಾ ಎಳೆಯುತ್ತಿದ್ದ ಪಂಪಿನಲ್ಲಿ ಬ್ಯುಡೆಸೊನೈಡ್ ಇತ್ತು. ಅದೂ ಸ್ಟಿರಾಯ್ಡ್ ಅಂತ ಯಾರೋ ಹೇಳಿದರು, ಮಾವ ಅದನ್ನು ತೆಗೆದು ಬೀರುವಿನೊಳಗೆ ಇಟ್ಟರು. ಆ ಔಷಧಿಯನ್ನು ಅವರು ವರ್ಷಗಟ್ಟಲೆ ಯಾವ ತೊಂದರೆಯೂ ಇಲ್ಲದೆ ಎಳೆದಿದ್ದರು ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಉಳಿದದ್ದು ನೀಲಿ ಅಸ್ತಾಲಿನ್ ಪಂಪು ಒಂದೇ. ಅದು ಉಸಿರ್ನಾಳವನ್ನು ಆ ಕ್ಷಣಕ್ಕೆ ಅಗಲ ಮಾಡುತ್ತದೆ, ಒಳಗಿನ ಊತ ಹಾಗೇ ಇರುತ್ತದೆ. ಅಸ್ತಮಾ ಚಿಕಿತ್ಸೆಗೆ ದಾರಿ ತೋರಿಸುವ ಅಂತಾರಾಷ್ಟ್ರೀಯ ತಂಡ ‘ಜಿನಾ’ 2019ರಲ್ಲೇ ಹೇಳಿದೆ, ದೊಡ್ಡವರಿಗೆ ಇಂಥ ಪಂಪು ಒಂದನ್ನೇ ಕೊಟ್ಟು ಕಳಿಸಬೇಡಿ ಅಂತ. ನಮ್ಮನೆಯಲ್ಲಿ ಆ ಕೆಂಪು ಅಕ್ಷರದಿಂದಾಗಿ ಅದೇ ನಡೆಯಿತು. ಕ್ಲಿನಿಕ್ಕಿಗೆ ಹೋದರೆ ಫೈಲ್ ನೋಡಿ ಕೈ ಹಿಂದೆ ತೆಗೆಯುತ್ತಿದ್ದರು. ‘ಶಿವಮೊಗ್ಗಕ್ಕೆ ಹೋಗಿ’ ಅನ್ನುತ್ತಿದ್ದರು. ತೀರ್ಥಹಳ್ಳಿಯಿಂದಲೇ ಶಿವಮೊಗ್ಗ ಸುಮಾರು 60 ಕಿಲೋಮೀಟರ್. ಉಸಿರು ಕಟ್ಟಿದವರಿಗೆ, ಜಡಿಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ ಅದು ಎಷ್ಟು ದೂರ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಇಂಥ ಹೊತ್ತಿಗೆ ಪುಡಿಯವರು ಬರುತ್ತಾರೆ. ನೆಂಟರೊಬ್ಬರು ಯಾವುದೋ ಊರಿನಿಂದ ಕಾಗದದ ಪೊಟ್ಟಣ ತಂದುಕೊಟ್ಟರು. ‘ಬರೀ ಗಿಡಮೂಲಿಕೆ, ಸ್ಟಿರಾಯ್ಡ್ ಗಿರಾಯ್ಡ್ ಏನೂ ಇಲ್ಲ’. ಹೆಸರಿಲ್ಲ, ಚೀಟಿ ಇಲ್ಲ. ಮೊದಲ ವಾರದಲ್ಲೇ ಉಬ್ಬಸ ಮಾಯ. ಅತ್ತೆ ಕೊಟ್ಟಿಗೆ ಕೆಲಸಕ್ಕೂ ಹೋಗತೊಡಗಿದರು. ಹಸಿವು ಜೋರಾಯಿತು. ಕೆಲವು ತಿಂಗಳಲ್ಲಿ ಮುಖ ದುಂಡಗಾಯಿತು, ಮುಟ್ಟಿದಲ್ಲೆಲ್ಲ ಚರ್ಮ ಕಪ್ಪು ಕಟ್ಟತೊಡಗಿತು, ಯಾವತ್ತೂ ಇರದಿದ್ದ ಶುಗರ್ ಕಾಣಿಸಿಕೊಂಡಿತು. ಆ ಪುಡಿಯಲ್ಲಿ ಏನಿತ್ತು ಅಂತ ನಾವು ಲ್ಯಾಬಿಗೆ ಕೊಟ್ಟು ನೋಡಿಸಿಲ್ಲ. ಆದರೆ ದಮ್ಮಿಗೆ, ಮಂಡಿನೋವಿಗೆ ಅಂತ ಮಾರುವ ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಬೆರೆಸುವುದು ಹಳೇ ಕಸುಬು. ಆಡುಸೋಗೆ ಕಷಾಯ ಕುಡಿದು ಯಾರ ಮುಖವೂ ಹೀಗೆ ದುಂಡಗಾಗಿದ್ದನ್ನು ನಾನಂತೂ ಕಂಡಿಲ್ಲ.

ಕೊನೆಗೆ ಬೆಂಗಳೂರಿನ ಒಬ್ಬ ಅಲರ್ಜಿ ತಜ್ಞರ ಹತ್ತಿರ ಕರೆದುಕೊಂಡು ಹೋದೆವು. ಅವರು ಫೈಲಿಗಿಂತ ಮೊದಲು ಅತ್ತೆಯ ಮುಖ ನೋಡಿದರು, ಪೊಟ್ಟಣದ ಕಥೆ ಕೇಳಿದರು, ನಕ್ಕರು. ‘ಇವರಿಗೆ ಸ್ಟಿರಾಯ್ಡ್ ಆಗುತ್ತೆ ಅಂತ ನಿಮ್ಮ ಪುಡಿಯವನು ಆಗಲೇ ಟೆಸ್ಟ್ ಮಾಡಿಟ್ಟಿದ್ದಾನಲ್ಲ!’ ಅಂದರು. ಆಮೇಲೆ ಗಂಭೀರವಾಗಿ, ಇದನ್ನು ನಾಳೆಯಿಂದಲೇ ಬಿಡುವ ಹಾಗಿಲ್ಲ ಅಂತಲೂ ಹೇಳಿದರು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಸಿಕ್ಕಿದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ತಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಬರಬಹುದು. ಲೆಕ್ಕ ಹಾಕಿ, ಅಳತೆ ಗೊತ್ತಿರುವ ಮಾತ್ರೆಗೆ ಬದಲಾಯಿಸಿ, ನಿಧಾನಕ್ಕೆ ಇಳಿಸಬೇಕು.

ಆ ದಿನ ಅವರು ಬಿಡಿಸಿ ಹೇಳಿದ ವಿಷಯಕ್ಕಾಗಿಯೇ ನಾನಿದನ್ನು ಬರೆಯುತ್ತಿರುವುದು.

ಸ್ಟಿರಾಯ್ಡ್ ಅನ್ನುವುದು ಒಂದು ಔಷಧಿಯ ಹೆಸರಲ್ಲ, ಒಂದು ದೊಡ್ಡ ಮನೆತನ. ನಮ್ಮ ಮೈಯಲ್ಲೇ ದಿನಾ ಬೆಳಗಾದರೆ ತಯಾರಾಗುವ ಕಾರ್ಟಿಸಾಲ್ ಅದರ ಮೂಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಜೊತೆಯವರು ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ನೋಡಿದರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ಆಮೇಲೆ ಈ ಮನೆತನ ಬೆಳೆಯುತ್ತಾ ಹೋಯಿತು. ಮೈಯಲ್ಲೇ ಇರುವ ವಸ್ತುವಿಗೆ ಅಲರ್ಜಿ ಹೇಗೆ ಅಂತ ನಾನು ಕೇಳಿದೆ. ಸ್ಟಿರಾಯ್ಡಿನ ಕಣ ತೀರಾ ಚಿಕ್ಕದು, ಅದು ಒಂಟಿಯಾಗಿದ್ದರೆ ನಮ್ಮ ರೋಗನಿರೋಧಕ ಪಡೆ ಅದನ್ನು ಗಮನಿಸುವುದೇ ಇಲ್ಲವಂತೆ. ರಕ್ತದ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ಕೆಲವರ ಮೈ ಅದನ್ನು ಪರಕೀಯ ಅಂತ ಗುರುತಿಸಿ ತಿರುಗಿ ಬೀಳುತ್ತದೆ.

ಇನ್ನೊಂದು ವಿಷಯ ಇದೆ. ಸ್ಟಿರಾಯ್ಡ್ ನೀರಿನಲ್ಲಿ ಸರಿಯಾಗಿ ಕರಗಲ್ಲ. ರಕ್ತನಾಳಕ್ಕೆ ಕೊಡಬೇಕಾದರೆ ಕರಗಲೇಬೇಕು. ಅದಕ್ಕೆ ಕಂಪನಿಗಳು ಒಂದು ಬಾಲ ಸೇರಿಸುತ್ತವೆ. ಹೈಡ್ರೊಕಾರ್ಟಿಸೋನ್, ಮೀಥೈಲ್‌ಪ್ರೆಡ್ನಿಸೊಲೋನ್ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಸಕ್ಸಿನೇಟ್ ಅನ್ನುವ ಬಾಲ. ಡೆಕ್ಸಾಮೆಥಾಸೋನಿಗೆ ಫಾಸ್ಫೇಟ್ ಬಾಲ. ಕೂಡಲೇ ಆಗುವ ಅಲರ್ಜಿಯಲ್ಲಿ ಜಾಸ್ತಿ ಹೆಸರು ಕೇಳಿಬರುವುದು ಮೊದಲಿನ ಎರಡು ಔಷಧಿಗಳದ್ದೇ, ಅದರಲ್ಲೂ ಈ ಸಕ್ಸಿನೇಟ್ ರೂಪದ್ದು. ಇದನ್ನು ಕೇಳಿದ ಅತ್ತೆ ತಟ್ಟನೆ ಅಂದರು: ‘ಹಲಸಿನ ಹಣ್ಣು ಆಗಲ್ಲ ಅಂತಲ್ಲ, ಅದರ ಮೇಣ ಆಗಲ್ಲ ಅಂತ ಹೇಳಿ!’ ಡಾಕ್ಟರು ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು.

ಬಾಲ ಮಾತ್ರ ಅಲ್ಲ, ಜೊತೆಗೆ ಸೇರಿಸುವ ಬೇರೆ ವಸ್ತುಗಳೂ ಕಾರಣ ಆಗಬಹುದು. ಮೀಥೈಲ್‌ಪ್ರೆಡ್ನಿಸೊಲೋನಿನ ಕೆಲವು 40 ಮಿ.ಗ್ರಾಂ. ಇಂಜೆಕ್ಷನ್‌ಗಳಲ್ಲಿ ಹಸುವಿನ ಹಾಲಿನಿಂದ ತೆಗೆದ ಲ್ಯಾಕ್ಟೋಸ್ ಇರುತ್ತಿತ್ತು. ಅದರಲ್ಲಿ ಉಳಿದ ಹಾಲಿನ ಪ್ರೋಟೀನಿನ ಅಂಶದಿಂದ ಹಾಲಿನ ಅಲರ್ಜಿ ಇದ್ದವರಿಗೆ ಆಘಾತ ಆಗಿ, 2017ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಅಂಥವರಿಗೆ ಅದನ್ನು ಕೊಡಬಾರದು ಅಂದರು. ನಮ್ಮಲ್ಲಿ ಬಹಳ ಜನ ಎಳೆಯುವ ಪುಡಿ ಕ್ಯಾಪ್ಸೂಲಿನಲ್ಲೂ ಲ್ಯಾಕ್ಟೋಸ್ ಇದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಇದಕ್ಕೆ ಹೆದರಬೇಕಾಗಿಲ್ಲ, ಅದು ಬೇರೆ. ಹಾಲಿನ ಪ್ರೋಟೀನಿಗೇ ತೀವ್ರ ಅಲರ್ಜಿ ಇರುವವರು ಮಾತ್ರ ಡಾಕ್ಟರಿಗೆ ಹೇಳಬೇಕು.

ಇನ್ನು ಅತ್ತೆಯ ಮೂಗು ಮತ್ತು ಹಲ್ಲುನೋವಿನ ಮಾತ್ರೆ. ಉಬ್ಬಸ, ಮೂಗಿನ ದುರ್ಮಾಂಸ, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ ಆಗದಿರುವುದು, ಈ ಮೂರೂ ಒಟ್ಟಿಗೆ ಬರುವುದನ್ನು ಫ್ರಾನ್ಸಿನ ವಿಡಾಲ್ 1922ರಲ್ಲೇ ಬರೆದಿಟ್ಟಿದ್ದರು. 1968ರಲ್ಲಿ ಅಮೆರಿಕದ ಸ್ಯಾಮ್ಟರ್ ಮತ್ತು ಬೀಯರ್ಸ್ ಅದನ್ನು ಮತ್ತೆ ವಿವರಿಸಿದರು. ಉಬ್ಬಸ ಇರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಈ ಮಾತ್ರೆಗಳು ಆಗಲ್ಲ. ಅಂಥವರಿಗೆ ಸಕ್ಸಿನೇಟ್ ಇಂಜೆಕ್ಷನ್ ಜೋರಾಗಿ ಕೊಟ್ಟರೆ ಉಬ್ಬಸ ಕೆರಳುವುದು ಉಳಿದವರಿಗಿಂತ ಜಾಸ್ತಿ. ಹಾಗಾಗಿ ಗೊತ್ತಿರುವ ಡಾಕ್ಟರುಗಳು ಮೊದಲೇ ಕೇಳುತ್ತಾರೆ, ನೋವಿನ ಮಾತ್ರೆ ತಿಂದು ಯಾವಾಗಲಾದರೂ ದಮ್ಮು ಬಂದಿತ್ತಾ ಅಂತ. ಹೌದು ಅಂದರೆ ಬೇರೆ ಬಾಲದ್ದನ್ನು ಆರಿಸುತ್ತಾರೆ, ಅದನ್ನೂ ಸಲೈನಿನಲ್ಲಿ ನಿಧಾನಕ್ಕೆ ಬಿಡುತ್ತಾರೆ. ಮಾತ್ರೆ ನುಂಗುವ ಸ್ಥಿತಿ ಇದ್ದರೆ ಇಂಜೆಕ್ಷನ್ನೇ ಬೇಡ. ಎಷ್ಟೋ ಸಲ ಬಾಯಿಗೆ ಕೊಡುವ ಪ್ರೆಡ್ನಿಸೊಲೋನ್ ಅಷ್ಟೇ ಕೆಲಸ ಮಾಡುತ್ತದೆ. ನಮ್ಮ ಜನಕ್ಕೆ ಸೂಜಿ ಬಿದ್ದರೇ ಸಮಾಧಾನ, ಅದೊಂದು ಕಷ್ಟ.

ಪರೀಕ್ಷೆಯ ದಿನ ನೋಡುವ ಹಾಗಿತ್ತು. ಮುಂಚೆ ಕೆಲವು ದಿನ ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ಬಿಡಬೇಕು, ಇಲ್ಲದಿದ್ದರೆ ಚರ್ಮ ಸುಳ್ಳು ಹೇಳುತ್ತದೆ. ಮುಂಗೈ ಮೇಲೆ ಪೆನ್ನಿನಲ್ಲಿ ಸಾಲಾಗಿ ಗೆರೆ ಎಳೆದು, ಒಂದೊಂದರ ಪಕ್ಕ ಒಂದೊಂದು ಔಷಧಿಯ ತೆಳು ಹನಿ ಇಟ್ಟು, ಸೂಜಿಮೊನೆಯಲ್ಲಿ ಚುಚ್ಚಿದರು. ಅದರಲ್ಲಿ ಏನೂ ಏಳಲಿಲ್ಲ. ಆಮೇಲೆ ಚರ್ಮದೊಳಕ್ಕೆ ಒಂದಿಷ್ಟು ಬಿಟ್ಟು ಕಾದರು. ಕಾಲು ಗಂಟೆಗೆ ಹೈಡ್ರೊಕಾರ್ಟಿಸೋನ್ ಸಕ್ಸಿನೇಟ್ ಇಟ್ಟ ಕಡೆ ಸೊಳ್ಳೆ ಕಚ್ಚಿದ್ದಕ್ಕಿಂತ ದೊಡ್ಡ ಗಂಟು. ಮೀಥೈಲ್‌ಪ್ರೆಡ್ನಿಸೊಲೋನ್ ಸಕ್ಸಿನೇಟಿಗೂ ಗಂಟು. ಡೆಕ್ಸಾಮೆಥಾಸೋನ್ ಫಾಸ್ಫೇಟಿಗೆ ಏನೂ ಇಲ್ಲ. ಅಷ್ಟಕ್ಕೇ ನಂಬಲಿಲ್ಲ ಅವರು. ಇನ್ನೊಂದು ದಿನ ಆಸ್ಪತ್ರೆಯಲ್ಲೇ ಕೂರಿಸಿಕೊಂಡು, ಪಕ್ಕದಲ್ಲಿ ಅಡ್ರಿನಲಿನ್ ತಯಾರಿಟ್ಟು, ಡೆಕ್ಸಾಮೆಥಾಸೋನನ್ನು ಚೂರುಚೂರೇ ಏರಿಸಿ ಪೂರ್ತಿ ಡೋಸ್ ಕೊಟ್ಟು ನೋಡಿದರು. ಅತ್ತೆ ಅಷ್ಟು ಹೊತ್ತೂ ಪಕ್ಕದ ಮಂಚದವರ ಜೊತೆ ಅಡಿಕೆ ರೇಟು ಮಾತಾಡಿಕೊಂಡು ಕೂತಿದ್ದರು. ಏನೂ ಆಗಲಿಲ್ಲ. ಚರ್ಮದಲ್ಲಿ ಗಂಟು ಏಳದೆಯೂ ಆಸ್ಪಿರಿನ್ ಆಗದವರಿಗೆ ತೊಂದರೆ ಬರಬಹುದು, ಅದಕ್ಕೇ ಹೀಗೆ ಕೊಟ್ಟು ನೋಡುವುದು ಅಂದರು.

ಬೀರುವಿನ ಪಂಪು ಹೊರಗೆ ಬಂತು, ಅವಧಿ ಮುಗಿದಿತ್ತು, ಹೊಸದು ತಂದೆವು. ಈಗ ಫೈಲಿನ ಮೇಲಿನ ಎರಡು ಪದ ಹೊಡೆದು ಹಾಕಿದ್ದಾರೆ. ಬದಲಿಗೆ ಪರ್ಸಿನಲ್ಲಿ ಒಂದು ಲ್ಯಾಮಿನೇಟೆಡ್ ಚೀಟಿ ಇದೆ. ಯಾವ ಔಷಧಿ, ಯಾವ ರೂಪ, ಕೊಟ್ಟು ಎಷ್ಟು ಹೊತ್ತಿಗೆ ಏನಾಯಿತು ಅಂತ ಒಂದು ಕಡೆ. ಯಾವುದು ಆಗುತ್ತದೆ ಅಂತ ಇನ್ನೊಂದು ಕಡೆ. ನನ್ನ ಪ್ರಕಾರ ಆ ಎರಡನೇ ಕಡೆಯೇ ಜಾಸ್ತಿ ಮುಖ್ಯ. ಉಬ್ಬಸ ಜೋರಾದವರಿಗೆ ಸ್ಟಿರಾಯ್ಡ್ ಬೇಡವೇ ಬೇಡ ಅನ್ನುವ ಹಾಗಿಲ್ಲ. ಮಧ್ಯರಾತ್ರಿ ಡ್ಯೂಟಿ ಡಾಕ್ಟರಿಗೆ ಏನು ಕೊಡಬಾರದು ಅಂತ ಮಾತ್ರ ಹೇಳಿ ಕೈಕಟ್ಟಿ ಹಾಕಿದರೆ ಅವರು ತಾನೇ ಏನು ಮಾಡಬೇಕು?

ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ‘ನನಗೂ ಸ್ಟಿರಾಯ್ಡ್ ಅಲರ್ಜಿ’ ಅನ್ನುತ್ತಾರೆ. ಏನಾಗುತ್ತೆ ಅಂತ ಕೇಳಿದರೆ ಪಂಪು ಎಳೆದು ಗಂಟಲು ಒಡೆದಿದೆ, ಬಾಯಲ್ಲಿ ಬಿಳಿ ಅಗ್ರ ಬಂದಿದೆ, ಮಾತ್ರೆ ತಿಂದು ನಿದ್ದೆ ಬಂದಿಲ್ಲ, ಶುಗರ್ ಏರಿದೆ. ಇವೆಲ್ಲ ಅಡ್ಡಪರಿಣಾಮ, ಅಲರ್ಜಿ ಅಲ್ಲ. ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ, ಪಂಪಿಗೆ ಜೋಡಿಸುವ ಸ್ಪೇಸರ್ ಅನ್ನುವ ಕೊಳವೆ ಬಳಸಿದರೆ ಗಂಟಲಿನ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ಪಂಪಿನ ಡೋಸ್ ಮೈಕ್ರೋಗ್ರಾಂ ಲೆಕ್ಕದ್ದು, ಮಾತ್ರೆ ಮಿಲಿಗ್ರಾಂ ಲೆಕ್ಕದ್ದು, ಸಾವಿರ ಪಟ್ಟು ವ್ಯತ್ಯಾಸ ಇರುವ ಅಳತೆ. ಮಾತ್ರೆಯ ಭಯವನ್ನು ಪಂಪಿನ ಮೇಲೆ ಹೇರುವುದು ಸುಮ್ನೆ ನಷ್ಟ. ಇನ್ನು ಕೆಲವರಿಗೆ ಬ್ಯುಡೆಸೊನೈಡಿನಿಂದ ಮೂಗು, ಬಾಯಿಯ ಸುತ್ತ ಒಂದೆರಡು ದಿನ ಬಿಟ್ಟು ಕಜ್ಜಿಯ ಹಾಗೆ ಏಳುವುದುಂಟು. ಅದು ನಿಧಾನದ ಅಲರ್ಜಿ, ನಿಜವಾದದ್ದೇ. ಅದನ್ನು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡುತ್ತಾರೆ, ಔಷಧಿ ಬದಲಾಯಿಸುತ್ತಾರೆ. ಆದರೆ ಅದು ಜೀವಕ್ಕೆ ಬರುವಂಥದ್ದಲ್ಲ.

ಅಡ್ರಿನಲಿನ್ ಬಗ್ಗೆ ಒಂದು ಮಾತು. ಹೊರದೇಶದಲ್ಲಿ ಪೆನ್ನಿನ ಹಾಗಿರುವ ಇಂಜೆಕ್ಷನ್ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ನಮ್ಮಲ್ಲಿ ಅದು ಸುಲಭಕ್ಕೆ ಸಿಗಲ್ಲ. ಆದರೆ 1 ಮಿ.ಗ್ರಾಂ. ಇರುವ ಸಣ್ಣ ಗಾಜಿನ ಆಂಪ್ಯೂಲ್ ದುಬಾರಿಯೇನಲ್ಲ. ದೊಡ್ಡವರಿಗೆ ಅದರಲ್ಲಿ ಅರ್ಧ, ತೊಡೆಯ ಸ್ನಾಯುವಿಗೆ. ಆಘಾತದಲ್ಲಿ ಮೊದಲ ಔಷಧಿ ಅದೇ, ಎವಿಲ್ ಅಲ್ಲ, ಸ್ಟಿರಾಯ್ಡ್ ಅಂತೂ ಅಲ್ಲ. ಅತ್ತೆಗೆ ಇದ್ದ ಅದೃಷ್ಟ ಅಂದರೆ ಆ ರಾತ್ರಿಯ ಡಾಕ್ಟರು ಅದಕ್ಕೆ ಹಿಂಜರಿಯಲಿಲ್ಲ. ವಯಸ್ಸಾದವರು, ಹಾರ್ಟಿಗೆ ಏನಾದರೂ ಆದರೆ ಅಂತ ಹಿಂಜರಿಯುವವರು ಇನ್ನೂ ಇದ್ದಾರೆ. ನಮ್ಮೂರ ಹತ್ತಿರದ ಕ್ಲಿನಿಕ್ಕಿನವರ ಹತ್ತಿರ ಸ್ಟಾಕ್ ಇದೆಯಾ ಅಂತ ಮಳೆಗಾಲಕ್ಕೆ ಮುಂಚೆ ಮಾವ ಈಗ ಖುದ್ದು ಹೋಗಿ ಕೇಳಿಕೊಂಡು ಬರುತ್ತಾರೆ. ಅವರೂ ಬೇಜಾರು ಮಾಡಿಕೊಳ್ಳಲ್ಲ.

ಸದ್ಯದ ಸಮಸ್ಯೆ ಅತ್ತೆಯ ಮಂಡಿ. ಮೂಳೆ ಡಾಕ್ಟರು ಕೀಲಿನೊಳಕ್ಕೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಹಾಕೋಣ ಅಂದಿದ್ದಾರೆ. ನಿಧಾನಕ್ಕೆ ಕರಗುವ ಆ ಜಾತಿಯ ಇಂಜೆಕ್ಷನ್‌ಗಳಲ್ಲಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಇಲ್ಲವೇ ಪಾಲಿಎಥಿಲೀನ್ ಗ್ಲೈಕಾಲ್ ಇರುತ್ತದೆ. ಅವಕ್ಕೂ ಅಲರ್ಜಿ ಆದವರಿದ್ದಾರೆ. ಚೀಟಿಯಲ್ಲಿ ಅವುಗಳ ಹೆಸರು ಆಚೆ ಕಡೆಯೂ ಇಲ್ಲ, ಈಚೆ ಕಡೆಯೂ ಇಲ್ಲ. ಅತ್ತೆ ಚೀಟಿ ತೆಗೆದು ತೋರಿಸಿದರು, ಮೂಳೆ ಡಾಕ್ಟರು ಓದಿ, ಬೆಂಗಳೂರಿನವರನ್ನು ಒಂದು ಮಾತು ಕೇಳಿಕೊಂಡು ಬನ್ನಿ ಅಂದರು. ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ ಹೇಗೂ ಮುಟ್ಟುವ ಹಾಗಿಲ್ಲ. ಅಲ್ಲಿಯವರೆಗೆ 500ರ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ. ಕೊಯ್ಲು ಮುಗಿದ ಮೇಲೆ ಹೋಗುವುದು ಅಂತ ಆಗಿದೆ.